ಜವಾರಿ ತಂಬೂರಿ: ಬಿಚ್ಚಿ ನೋಡಬಹುದಾದ ವಾದ್ಯ

(ಕುಂದಗೋಳ ಸೀಮೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಯಾರ ನೆನಪಿನಲ್ಲಿದೆಯೋ ಆ ಹಿರಿಯರು ಒಕ್ಕಲುತನ ಮಾಡಿಕೊಂಡಿದ್ದವರು. ಸೋಮವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ತುಂತುಣಿ ಹಿಡಿದು ಕೂಡುತ್ತಿದ್ದವರು. ಅವರ ತುಂತುಣಿ ಪೇಟೆಯಿಂದ ತಂದದ್ದಾಗಿರಲಿಲ್ಲ. ಕಟ್ಟಿಗೆಯ ಒಂದು ಕೊಳಗ, ಅದರ ತಳಕ್ಕೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟು ಬಿದಿರಿನ ತುದಿಯ ಬಿರಡೆಗೆ ಸುತ್ತಿಕೊಂಡ ಒಂದು ತಂತಿ, ಇಷ್ಟೇ. ತಂತಿ ಹರಿದರೆ ಅವರೇ ಕಟ್ಟುತ್ತಿದ್ದರು. ತೊಗಲು ಸಡಿಲವಾದರೆ ಬಿಸಿಲಿಗೆ ಹಿಡಿಯುತ್ತಿದ್ದರು. ನೋಡುತ್ತ ಕೂತ ಹುಡುಗರಿಗೆ ಅದನ್ನು ಮಾಡುವ ಬಗೆ ಯಾರೂ ಹೇಳಿಕೊಡದೆಯೇ ತಿಳಿಯುತ್ತಿತ್ತು, ಏಕೆಂದರೆ ಅದರಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಇವತ್ತು ನಾನು ಮಾತಾಡಲಿರುವುದು ವಿದ್ಯುನ್ಮಾನ ವಾದ್ಯದ ಬಗ್ಗೆ. ಆದರೂ ಕೈಯಲ್ಲಿ ಆ ತುಂತುಣಿಯನ್ನು ಹಿಡಿದುಕೊಂಡೇ ಮಾತಾಡುತ್ತೇನೆ.

ನಾನು ಹಾಡುಗಾರನಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಮಾಸ್ತರ. ಹಾಡುವವರ ಬೆನ್ನ ಹಿಂದೆ ತಂಬೂರಿ ಮೀಟುತ್ತ ಕೂತು ಆಯುಷ್ಯದ ಒಳ್ಳೆಯ ರಾತ್ರಿಗಳನ್ನು ಕಳೆದವನು. ಈ ಎರಡು ಕೆಲಸಗಳು ನನ್ನಲ್ಲಿ ಒಂದಕ್ಕೊಂದು ಕೂಡಿದ ಜಾಗದಿಂದ ಈ ಉಪನ್ಯಾಸ ಹುಟ್ಟಿದೆ.

ಸೂರು ಹುಡುಕಿಕೊಂಡು ಬಂದ ಊರು

ಕುಂದಗೋಳದಲ್ಲಿ ನಿಂತು ಸ್ವರದ ಮಾತಾಡುವಾಗ ಯಾರಿಗೂ ಮೈ ಜುಮ್ಮೆನ್ನಬೇಕು. ಅಬ್ದುಲ್ ಕರೀಂ ಖಾನರ ಶಿಷ್ಯ ರಾಮಭಾವು ಕುಂದಗೋಳಕರ, 1886ರಲ್ಲಿ ಹುಟ್ಟಿ ನಾಡೆಲ್ಲ ಸವಾಯಿ ಗಂಧರ್ವ ಎಂದು ಕರೆದ ಆ ಚೇತನ, ಇಲ್ಲಿ ನೆಲೆನಿಂತು ಕಲಿಸಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲಿ ಮರಳುತ್ತಿದ್ದವರು ಗಂಗೂಬಾಯಿ ಹಾನಗಲ್. ಮನೆಬಿಟ್ಟು ಗುರುವನ್ನು ಅರಸುತ್ತ ಅಲೆದ ಗದಗಿನ ಹುಡುಗ ಭೀಮಸೇನ ಜೋಶಿ ಕಡೆಗೆ ಬಂದು ನಿಂತದ್ದೂ ಇದೇ ಊರಿನಲ್ಲಿ. ಗುರುವಿನ ಮನೆಗೆ ನೀರು ಹೊತ್ತು, ಬೆಳಗಿನ ಜಾವ ಖರ್ಜದ, ಅಂದರೆ ಕೆಳಗಿನ ಷಡ್ಜದ, ಸಾಧನೆ ಮಾಡಿ ಅವರು ಬೆಳೆದರು. ಇದೇ ತಾಲೂಕಿನ ಯಲಿವಾಳದಲ್ಲಿ ಬಸವರಾಜ ರಾಜಗುರು ಹುಟ್ಟಿದರು. ಕುಂದಗೋಳದ ನಾಡಗೇರ ವಾಡೆಯ ಒಳಗೆ ಇಂದಿಗೂ ಸವಾಯಿ ಗಂಧರ್ವರ ಪುಣ್ಯಸ್ಮರಣೆಗೆ ರಾತ್ರಿಯಿಡೀ ಹಾಡು ನಡೆಯುತ್ತದೆ.

ಇಷ್ಟು ದೊಡ್ಡ ಪರಂಪರೆಯ ಬುಡದಲ್ಲಿರುವುದು ಒಂದು ಸಣ್ಣ ಸಂಗತಿ: ಷಡ್ಜ ಅಲುಗಾಡದೆ ನಿಲ್ಲಬೇಕು. ಕಲಿಯುವವರ ಕಿವಿಯ ಪಕ್ಕದಲ್ಲಿ ಸೂರು, ಅಂದರೆ ಆಧಾರಸ್ವರ, ಎಡೆಬಿಡದೆ ಹರಿಯುತ್ತಿರಬೇಕು. ಅದಕ್ಕೆ ತಂಬೂರಿ ಬೇಕು. ಒಳ್ಳೆಯ ತಂಬೂರಿ ಬರುವುದು ಮೀರಜದಿಂದ. ಆಳೆತ್ತರದ ಆ ವಾದ್ಯವನ್ನು ಬಸ್ಸಿನಲ್ಲಿ ಒಯ್ದವರಿಗೆ ಅದರ ಕಷ್ಟ ಗೊತ್ತು. ಕುಂಬಳದ ಬುರುಡೆಗೆ ಒಂದು ಪೆಟ್ಟು ಬಿದ್ದರೆ ಮುಗಿಯಿತು. ಹಳ್ಳಿಯಲ್ಲಿ ಕಲಿಯುವ ಮಗುವಿನ ಮನೆಗೆ ಅದರ ಬೆಲೆ ನಿಲುಕುವುದಿಲ್ಲ. ಬೆಲೆ ನಿಲುಕಿದರೂ ಶ್ರುತಿ ಕೂಡಿಸುವ ಕಿವಿ ಮೊದಲೇ ತಯಾರಾಗಿರಬೇಕು. ಆ ಕಿವಿ ತಯಾರಾಗುವುದಕ್ಕೆ ಕೂಡಿಸಿದ ತಂಬೂರಿ ಬೇಕು. ಗುರುವಿಲ್ಲದ ಮನೆಯಲ್ಲಿ ಈ ಗಂಟು ಬಿಚ್ಚುವುದಿಲ್ಲ.

ಪೇಟಿ ಬಂದದ್ದು, ಪೇಟಿ ಕೊಟ್ಟದ್ದು

ಈ ಗಂಟಿಗೆ ನಮ್ಮ ಹಳ್ಳಿಗಳು ಕಂಡುಕೊಂಡ ಮೊದಲ ಪರಿಹಾರ ಪೇಟಿ. ಯುರೋಪಿನಲ್ಲಿ ಕಾಲಿನಿಂದ ತುಳಿದು ನುಡಿಸುತ್ತಿದ್ದ ಹಾರ್ಮೋನಿಯಂ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರಂಥವರ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ಕೈಪೇಟಿಯಾಯಿತು. ಎತ್ತಿ ಬಗಲಲ್ಲಿ ಇಟ್ಟುಕೊಳ್ಳಬಹುದು, ಚಕ್ಕಡಿಯಲ್ಲಿ ಹೇರಬಹುದು. ಸಣ್ಣಾಟದ ಅಟ್ಟಕ್ಕೆ, ಭಜನೆಯ ಜಮಖಾನೆಗೆ, ಶ್ರೀಕೃಷ್ಣ ಪಾರಿಜಾತದ ಮೇಳಕ್ಕೆ ಅದು ಸಲೀಸಾಗಿ ಹೊಂದಿಕೊಂಡಿತು. ನವಲಗುಂದದ ಹೆಣ್ಣುಮಕ್ಕಳು ನೇಯ್ದ ಜಮಖಾನೆಯ ಮೇಲೆ ಕಲ್ಕತ್ತೆಯ ಪೇಟಿ, ಅದರ ಪಕ್ಕದಲ್ಲಿ ನಮ್ಮೂರ ದಮ್ಮಡಿ ಮತ್ತು ತಾಳ. ನಾನು ಕಣ್ಣು ಬಿಟ್ಟಾಗ ಕಂಡ ಸಂಗೀತದ ಚಿತ್ರ ಇದೇ.

ಪೇಟಿಗೆ ಒಂದು ಕೊರತೆ ಇದೆ ಎಂಬುದು ಸಂಗೀತಗಾರರಿಗೆ ಮೊದಲಿನಿಂದಲೂ ಗೊತ್ತಿತ್ತು. ಅದರ ಸ್ವರಗಳನ್ನು ಸಪ್ತಕದ ಹನ್ನೆರಡು ಸಮಭಾಗಗಳಾಗಿ ಕತ್ತರಿಸಿ ಕೂಡಿಸಿರುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಷಡ್ಜ ಸೆಕೆಂಡಿಗೆ 220 ಕಂಪನ ಎಂದಿಟ್ಟುಕೊಳ್ಳಿ. ತಂಬೂರಿಯ ಜೊತೆ ಕರಗಿಹೋಗುವ ಶುದ್ಧ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 275. ಪೇಟಿಯ ಗಾಂಧಾರ 277ಕ್ಕಿಂತ ತುಸು ಮೇಲೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು ಎರಡು ಸಲ ದನಿ ಏರಿಳಿದು ಅಲೆಯಾಗುತ್ತದೆ. ಕಿವಿ ಇದ್ದವರಿಗೆ ಅದು ಕಣ್ಣಲ್ಲಿ ಬಿದ್ದ ಹೊಟ್ಟಿನ ಹಾಗೆ. ಇಂಥ ಕಾರಣಗಳಿಂದಲೇ 1940ರಲ್ಲಿ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. 1971ರವರೆಗೂ ಆ ನಿಷೇಧ ನಡೆಯಿತು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದಾಗ ಅದರ ಬಾಗಿಲೂ ಪೇಟಿಗೆ ಮುಚ್ಚಿತ್ತು. ಅದೇ ವರ್ಷಗಳಲ್ಲಿ ನಮ್ಮ ಊರೂರಿನ ಗುಡಿಗಳಲ್ಲಿ ಪೇಟಿ ಮಾತ್ರ ಮೊಳಗುತ್ತಲೇ ಇತ್ತು. ನಾನು ಎರಡೂ ಕಡೆಯ ನ್ಯಾಯವನ್ನು ಒಪ್ಪುತ್ತೇನೆ. ಗಾಂಧಾರದ ವಿಷಯದಲ್ಲಿ ರೇಡಿಯೋದ ಕಿವಿ ನಿಜ. ಬಡವರ ಮಗುವಿನ ಬಾಯಲ್ಲಿ ಸ್ವರ ಕೂಡಿಸಿದ ಪುಣ್ಯ ಪೇಟಿಯದು.

ಇನ್ನೊಂದು ಮಾತು. ಪೇಟಿಯನ್ನು ಬಿಚ್ಚಬಹುದು. ಮೇಲಿನ ಹಲಗೆ ತೆಗೆದರೆ ಹಿತ್ತಾಳೆಯ ಸೂರುಗಳು, ಅಂದರೆ ದನಿ ಹುಟ್ಟಿಸುವ ತೆಳು ಪಟ್ಟಿಗಳು, ಸಾಲಾಗಿ ಕಾಣುತ್ತವೆ. ಅರದಿಂದ ತುದಿಯನ್ನು ತುಸು ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಭಾತೆ ಹರಿದರೆ ತೊಗಲಿನ ತೇಪೆ ಹಾಕಬಹುದು. ನಮ್ಮ ಭಾಗದಲ್ಲಿ ಪೇಟಿ ನೂರು ವರ್ಷ ಬಾಳಿದ್ದು ಈ ಕಾರಣಕ್ಕೆ.

ಬೆಂಗಳೂರಿನ ಪೆಟ್ಟಿಗೆ

1979ರಲ್ಲಿ ಬೆಂಗಳೂರಿನಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಎಚ್‌.ಎ.ಎಲ್‌.ನಲ್ಲಿ ಎಂಜಿನಿಯರ್ ಆಗಿದ್ದ, ತಾವೇ ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಮುಂದೆ ರೇಡೆಲ್ ಸಂಸ್ಥೆ ಕಟ್ಟಿ ವಿದ್ಯುನ್ಮಾನ ತಂಬೂರಿ, ತಬಲಾ ಪೆಟ್ಟಿಗೆಗಳನ್ನು ತಯಾರಿಸಿದರು. ಈಗ ಭಾರತೀಯ ಸಂಗೀತ ಕಲಿಯುವ ಯಾವ ದೇಶದ ಮನೆಗೆ ಹೋದರೂ ಇಂಥ ಒಂದು ಪೆಟ್ಟಿಗೆ ಮೂಲೆಯಲ್ಲಿ ಗುನುಗುತ್ತಿರುತ್ತದೆ. ಸಂಗೀತ ಬಲ್ಲ ಒಬ್ಬ ಕನ್ನಡ ನಾಡಿನ ಎಂಜಿನಿಯರ್ ತನ್ನದೇ ಸಾಧನೆಯ ಅಡಚಣೆಯಿಂದ ಹೊರಟು ಇಡೀ ಪರಂಪರೆಗೆ ಅನುಕೂಲ ಮಾಡಿಕೊಟ್ಟದ್ದನ್ನು ನಾವು ಹೆಮ್ಮೆಯಿಂದ ಹೇಳಬೇಕು. ಬಗಲಚೀಲದಲ್ಲಿ ಹಿಡಿಯುವ ತಂಬೂರಿ ಒಂದು ಕಾಲಕ್ಕೆ ಕನಸಾಗಿತ್ತು.

ನನ್ನ ಅನುಭವ ಬೇರೊಂದು ಪೆಟ್ಟಿಗೆಯದು. ಅದರ ತಯಾರಕರ ಹೆಸರು ಇಲ್ಲಿ ಬೇಡ. ನಮ್ಮ ಓಣಿಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಹಾಡು ಕಲಿಸುವ ಒಬ್ಬ ಅಕ್ಕ ಅದನ್ನು ಕೂಡಿಟ್ಟ ದುಡ್ಡಿನಲ್ಲಿ ತಂದಿದ್ದರು. ಒಂದು ಮಳೆಗಾಲ ಕರೆಂಟು ಹೋಗಿ ಬಂದು ಮಾಡುವಾಗ ಅದು ಮೂಕಾಯಿತು. ನಾನು ಎತ್ತಿಕೊಂಡು ಹುಬ್ಬಳ್ಳಿಗೆ ಹೋದೆ. ರೇಡಿಯೋ ರಿಪೇರಿಯಲ್ಲಿ ಕೂದಲು ಹಣ್ಣಾದ ಒಬ್ಬರು ಅದನ್ನು ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿ, ಮತ್ತೆ ನಿಧಾನವಾಗಿ ಮುಚ್ಚಿದರು.

‘ಮಾಸ್ತರ, ಚಿಪ್ಪಿನ ಮ್ಯಾಲಿನ ನಂಬರ್ ತಿಕ್ಕಿ ಅಳಿಸ್ಯಾರ ನೋಡ್ರಿ. ಯಾವುದು ಏನಂತ ಗೊತ್ತಾದ್ರ ಹೊಸಾದು ಹಾಕಿ ಕೊಡ್ತಿದ್ದೆ. ಗೊತ್ತ ಆಗಬಾರದಂತನ ಹಿಂಗ ಮಾಡ್ಯಾರ. ನಾ ಏನ್ ಮಾಡ್ಲಿ?’

ಆ ಮನುಷ್ಯನ ಕೈಯಲ್ಲಿ ಮೂವತ್ತು ವರ್ಷದ ವಿದ್ಯೆ ಇತ್ತು, ಮನಸ್ಸೂ ಇತ್ತು. ವಾದ್ಯ ಅವರಿಗೆ ಬಾಗಿಲು ಹಾಕಿಕೊಂಡಿತ್ತು. ಅಕ್ಕನ ಮಕ್ಕಳು ಮುಂದೆ ಹಲವು ತಿಂಗಳು ಪೇಟಿಯ ಒಂದು ಸೂರು ಒತ್ತಿ ಹಿಡಿದು ಹಾಡಿದರು. ಅವತ್ತು ಹುಬ್ಬಳ್ಳಿಯಿಂದ ಮರಳುವ ಬಸ್ಸಿನಲ್ಲಿ ನಾನು ಗುಡಿಕಟ್ಟೆಯ ತುಂತುಣಿಯನ್ನು ನೆನೆದೆ.

ಜವಾರಿ ಎಂಬ ಮಾತು

ಇಲ್ಲಿ ಒಂದು ಶಬ್ದದ ಹತ್ತಿರ ನಿಲ್ಲುತ್ತೇನೆ. ತಂಬೂರಿಯ ತಂತಿ ಕುದುರೆಯ ಮೇಲೆ ಹಾಯ್ದುಹೋಗುವ ಜಾಗದಲ್ಲಿ ಹತ್ತಿಯ ಒಂದು ಎಳೆ ಸಿಗಿಸುತ್ತಾರೆ. ಅದನ್ನು ಕೂದಲಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಜಾಗದಲ್ಲಿ ದನಿ ಏಕಾಏಕಿ ಅರಳುತ್ತದೆ, ಜೇನು ಹುಟ್ಟಿನ ಹಾಗೆ ಗುಂಯ್‌ಗುಡತೊಡಗುತ್ತದೆ. ಇದಕ್ಕೆ ಜವಾರಿ ಎನ್ನುತ್ತೇವೆ. ನಮ್ಮ ಹೊಲಗಳಲ್ಲಿಯೂ ಜವಾರಿ ಇದೆ: ಜವಾರಿ ಹತ್ತಿ, ಜವಾರಿ ಮೆಣಸಿನಕಾಯಿ, ಜವಾರಿ ಆಕಳು. ಈ ನೆಲದಲ್ಲಿ ಹುಟ್ಟಿ, ಈ ಮಳೆ ಬಿಸಿಲಿಗೆ ಒಗ್ಗಿ, ತನ್ನ ಬೀಜವನ್ನು ತಾನೇ ಮುಂದಿನ ವರ್ಷಕ್ಕೆ ಕೊಡುವುದು ಜವಾರಿ. ಎರಡು ಶಬ್ದಗಳ ಹುಟ್ಟು ಬೇರೆ ಬೇರೆ ಇರಬಹುದು. ಧಾರವಾಡ ಸೀಮೆಯ ಕಿವಿಯಲ್ಲಿ ಮಾತ್ರ ಅವು ಒಂದೇ ದನಿ ಮಾಡುತ್ತವೆ. ಆ ದನಿಯೇ ಇವತ್ತಿನ ನನ್ನ ವಿಷಯ.

ಅಣ್ಣಿಗೇರಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಊರಿನ ಹೆಸರು ಹೊತ್ತ ಅಣ್ಣಿಗೇರಿ ಕಡಲೆ ದಶಕಗಳ ಕಾಲ ಕರ್ನಾಟಕದ ಎರಿಹೊಲಗಳನ್ನು ಆಳಿತು. ಕಡಲೆಯ ಬೀಜವನ್ನು ರೈತ ಎತ್ತಿಟ್ಟು ಮುಂದಿನ ಹಿಂಗಾರಿಗೆ ಬಿತ್ತಬಹುದು, ನೆರೆಯವನಿಗೆ ಸೇರು ಕೊಡಬಹುದು, ಒಳ್ಳೆಯ ಗಿಡ ಆರಿಸಿ ತಳಿಯನ್ನು ಇನ್ನಷ್ಟು ಚಲೋ ಮಾಡಬಹುದು. ಹೈಬ್ರಿಡ್ ಬೀಜದ ಚೀಲವನ್ನು ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ಹೈಬ್ರಿಡ್ ಇಳುವರಿ ಕೊಡುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀಜದ ಮೇಲಿನ ಯಜಮಾನಿಕೆ ಹೊಲದಿಂದ ಅಂಗಡಿಗೆ ಹೋಗುತ್ತದೆ.

ಗಣಕದ ಲೋಕದಲ್ಲಿ ಇದೇ ಮಾತನ್ನು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ತಂತ್ರಜ್ಞ ಎತ್ತಿದರು. ತಂತ್ರಾಂಶವನ್ನು ಬಳಸುವುದು, ಒಳಗೆ ಹೇಗಿದೆ ಎಂದು ಓದಿ ತಿದ್ದುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು, ಈ ನಾಲ್ಕು ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂದು ಮುಂದೆ ವಿವರಿಸಿದರು. ಮುಕ್ತ ತಂತ್ರಾಂಶ, ಓಪನ್ ಸೋರ್ಸ್ ಎಂದು ನಾವು ಕೇಳುವ ಮಾತುಗಳ ಹಿಂದೆ ಈ ವಿಚಾರ ಇದೆ. 2005ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನಲ್ಲಿ ಆರ್ಡುಯಿನೋ ಹುಟ್ಟಿತು. ಅಂಗೈಯಗಲದ ಈ ಸರ್ಕ್ಯೂಟ್ ಹಲಗೆಯ ನಕ್ಷೆಯನ್ನೂ ಬಿಚ್ಚಿಟ್ಟರು, ಯಾರು ಬೇಕಾದರೂ ನೋಡಿ ಮಾಡಿಕೊಳ್ಳಿ ಎಂದರು. ಅಮೆರಿಕದ ಮೋನೋಮ್ ಎಂಬ ಪುಟ್ಟ ತಂಡ 2018ರಲ್ಲಿ ‘ನಾರ್ನ್ಸ್’ ಎಂಬ ಕೈಪೆಟ್ಟಿಗೆಯನ್ನು ಹೊರತಂದಿತು. ಒಳಗೆ ಒಂದು ಸಣ್ಣ ಗಣಕ, ಮೂರು ತಿರುಗುಗುಂಡಿ, ಮೂರು ಒತ್ತುಗುಂಡಿ, ಒಂದು ಪುಟ್ಟ ಪರದೆ. ಅದರಲ್ಲಿ ಯಾವ ಸಂಗೀತ ಹುಟ್ಟಬೇಕೆಂಬುದನ್ನು ನುಡಿಸುವವರೇ ಬರೆಯುತ್ತಾರೆ, ಬರೆದದ್ದನ್ನು ಇತರರಿಗೆ ಕೊಡುತ್ತಾರೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ತನ್ನ ಕಿವಿಗೆ ತಕ್ಕಂತೆ ತಿದ್ದಿ ನುಡಿಸುತ್ತಾನೆ.

ಇದೆಲ್ಲ ಪರದೇಶದ ಹೊಸ ವಿಚಾರ ಎಂದು ಯಾರಿಗಾದರೂ ಅನಿಸಿದರೆ, ಇದೇ ತಾಲೂಕಿನ ಕಳಸದ ಕಡೆಗೆ ಒಮ್ಮೆ ನೋಡಿ. ಕಳಸದ ಗುರು ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು. ಶರೀಫರ ಪದಗಳನ್ನು ಯಾರು ಬೇಕಾದರೂ ಹಾಡುತ್ತಾರೆ. ಒಂದು ಊರಿನ ಧಾಟಿ ಇನ್ನೊಂದು ಊರಿನಲ್ಲಿಲ್ಲ. ಏಕತಾರಿಗೂ ಹೊಂದುತ್ತವೆ, ಪೇಟಿಗೂ ಹೊಂದುತ್ತವೆ, ಸಿನೆಮಾದ ವಾದ್ಯಮೇಳಕ್ಕೂ ಹೊಂದಿದವು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಒಂದು ಕಟ್ಟಳೆಯನ್ನು ಮಾತ್ರ ಎಲ್ಲ ಹಾಡುಗಾರರೂ ಪಾಲಿಸಿಕೊಂಡು ಬಂದಿದ್ದಾರೆ: ಕೊನೆಯಲ್ಲಿ ಅಂಕಿತ ಬಿಡಬಾರದು. ಧಾಟಿ ನಿಮ್ಮದಿರಲಿ, ಹೆಸರು ಕಟ್ಟಿದವರದಿರಲಿ. ಮುಕ್ತ ತಂತ್ರಾಂಶದ ಪರವಾನಗಿ ಪತ್ರಗಳನ್ನು ಓದಿ ನೋಡಿ. ಬಳಸಿರಿ, ತಿದ್ದಿರಿ, ಹಂಚಿರಿ, ಮೂಲಕರ್ತರ ಹೆಸರು ಅಳಿಸಬೇಡಿರಿ ಎಂದೇ ಅಲ್ಲಿಯೂ ಬರೆದಿರುತ್ತದೆ. ನಮ್ಮ ಭಜನೆಯ ಕಟ್ಟೆ ಆ ಪರವಾನಗಿಯನ್ನು ಕಾಗದವಿಲ್ಲದೆ ಪಾಲಿಸಿತು.

ಕನ್ನಡದ ಹತ್ತಿರದ ಉದಾಹರಣೆ ಕೆ.ಪಿ. ರಾವ್ ಅವರದು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದ ಮೇಲೆಯೇ ಇಂದು ಲಕ್ಷಾಂತರ ಬೆರಳುಗಳು ಕನ್ನಡ ಬರೆಯುತ್ತಿವೆ. ಆ ವಿನ್ಯಾಸಕ್ಕಾಗಿ ಯಾವ ಕನ್ನಡಿಗನೂ ಒಂದು ಪೈಸೆ ಕೊಡಬೇಕಾಗಿ ಬರಲಿಲ್ಲ.

ಇನ್ನೂರು ಸಂಖ್ಯೆಗಳ ಒಂದು ತಂತಿ

ಈಗ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತೇನೆ. ಮಕ್ಕಳು ಸ್ವಲ್ಪ ಮುಂದೆ ಬಂದು ಕೂತುಕೊಳ್ಳಿ.

ಅಕ್ಕನ ಪೆಟ್ಟಿಗೆ ಮೂಕಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೂರಿಸಿಕೊಂಡು ನಾವೇ ಒಂದು ತಂಬೂರಿ ಮಾಡೋಣ ಎಂದು ಹೊರಟೆ. ರಾಸ್ಪ್‌ಬೆರಿ ಪೈ ಪಿಕೋ ಎಂಬ ಹಲಗೆ 2021ರಲ್ಲಿ ಬಂದಾಗ ಅದರ ಬೆಲೆ 4 ಡಾಲರ್. ಬೆರಳುದ್ದದ್ದು. ಅದಕ್ಕೆ ಸಂಖ್ಯೆಯನ್ನು ದನಿಯಾಗಿಸುವ ಒಂದು ಪುಟ್ಟ ಹಲಗೆ, ಒಂದು ಚಿಕ್ಕ ಆಂಪ್ಲಿಫಾಯರ್, ಒಂದು ಸ್ಪೀಕರ್, ಕರೆಂಟಿಗೆ ಮೊಬೈಲಿನ ಪವರ್ ಬ್ಯಾಂಕ್. ಇಷ್ಟು ಸಾಮಾನು.

ತಂತಿ ಎಲ್ಲಿದೆ ಎಂದು ಕೇಳುತ್ತೀರಿ. ತಂತಿಯನ್ನು ಸಂಖ್ಯೆಗಳಲ್ಲಿ ಕಟ್ಟುತ್ತೇವೆ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದ ವಿಧಾನ ಅದು. ಆಗ ಅದರ ಮೇಲೆ ಪೇಟೆಂಟ್ ಇತ್ತು, ಈಗ ಅವಧಿ ಮುಗಿದು ಎಲ್ಲರದ್ದಾಗಿದೆ. ಇನ್ನೂರು ಜನ ದುಂಡಗೆ ಕೂತಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ಒಂದು ಚೀಟಿ, ಚೀಟಿಯ ಮೇಲೆ ಮನಸ್ಸಿಗೆ ಬಂದ ಒಂದು ಸಂಖ್ಯೆ ಇದೆ ಎಂದುಕೊಳ್ಳಿ. ಗೊಂದಲದ ಆ ಸಂಖ್ಯೆಗಳೇ ಬೆರಳಿನ ಮೀಟು. ಈಗ ಸರದಿಯಂತೆ ಒಬ್ಬೊಬ್ಬರು ತಮ್ಮ ಸಂಖ್ಯೆಯನ್ನು ಕೂಗಿ ಹೇಳಬೇಕು. ಕೂಗಿದ ಮೇಲೆ ತಮ್ಮ ಸಂಖ್ಯೆಗೂ ಪಕ್ಕದವರ ಸಂಖ್ಯೆಗೂ ಸರಾಸರಿ ತೆಗೆದು ಚೀಟಿಯಲ್ಲಿ ತಿದ್ದಿಕೊಳ್ಳಬೇಕು. ಸುತ್ತು ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಹೀಗೆ ಸೆಕೆಂಡಿಗೆ 22,050 ಕೂಗು. ಪ್ರತಿ ಸುತ್ತಿನಲ್ಲಿ ಒರಟುತನ ಸವೆದು ಸಂಖ್ಯೆಗಳು ನುಣುಪಾಗುತ್ತ ಹೋಗುತ್ತವೆ. ಸ್ಪೀಕರಿನಿಂದ ಬರುವುದು ಮೀಟಿದ ತಂತಿ ನಿಧಾನವಾಗಿ ಆರುವ ದನಿ! ಮೊದಲ ಸಲ ಕೇಳಿದಾಗ ನನ್ನ ಕಣ್ಣುಗಳು ಹನಿಗೂಡಿದವು.

ಇನ್ನೂರು ಚೀಟಿಯ ಸುತ್ತು ಸೆಕೆಂಡಿಗೆ ಹತ್ತಿರ ಹತ್ತಿರ 110 ಸಲ ತಿರುಗುತ್ತದೆ. ಅದು ಹೆಣ್ಣುಮಕ್ಕಳ ಶ್ರುತಿಗೆ, ಅಂದರೆ ಪೇಟಿಯ ಬಿಳಿ ಆರಕ್ಕೆ, ಖರ್ಜದ ತಂತಿ. ಮಧ್ಯ ಷಡ್ಜದ ಜೋಡಿ ತಂತಿಗಳಿಗೆ ನೂರು ನೂರು ಚೀಟಿ, ಪಂಚಮಕ್ಕೆ 133. ನಾಲ್ಕೂ ತಂತಿ ಸೇರಿದರೆ 533 ಸಂಖ್ಯೆ. ಆ ಹಲಗೆಯಲ್ಲಿರುವ 264 ಕಿಲೋಬೈಟ್ ಜಾಗದಲ್ಲಿ ಇದಕ್ಕೆ ಒಂದು ಕಿಲೋಬೈಟಿಗಿಂತ ತುಸು ಹೆಚ್ಚು ಸಾಕು.

ನಾವು ಗೆದ್ದೆವೆಂದು ಪೆಟ್ಟಿಗೆಯನ್ನು ಅಕ್ಕನ ಮನೆಗೆ ಒಯ್ದೆವು. ಪಾಠಕ್ಕೆ ಬಂದಿದ್ದ ಹತ್ತು ವರ್ಷದ ಒಂದು ಹುಡುಗಿ ಕಣ್ಣುಮುಚ್ಚಿ ಕೇಳಿ, ತುಸು ಹೊತ್ತಿಗೆ ಮುಖ ಸಿಂಡರಿಸಿದಳು.

‘ಕಾಕಾ, ಜೋಡಿ ಇಳದೈತ್ರಿ.’

ಮನೆಗೆ ಬಂದು ಲೆಕ್ಕ ಹಾಕಿದೆ. ಸರಾಸರಿ ತೆಗೆಯುವ ಕ್ರಿಯೆಯೇ ಅರ್ಧ ಚೀಟಿಯಷ್ಟು ಹೊತ್ತು ತಿನ್ನುತ್ತದೆ. ನೂರು ಚೀಟಿಯ ಸುತ್ತು ನಿಜಕ್ಕೂ ನೂರೂವರೆ ಚೀಟಿಯ ಸುತ್ತು. ಹಾಗಾಗಿ ಜೋಡಿ ತಂತಿ 220ರ ಬದಲು 219.4ರಲ್ಲಿ ನಿಂತಿತ್ತು. ಖರ್ಜದ ತಂತಿಯೊಳಗೆ ಹುಟ್ಟುವ ಮೇಲಿನ ಷಡ್ಜದ ಜೊತೆ ಅದು ಎರಡು ಸೆಕೆಂಡಿಗೊಮ್ಮೆ ಜೋಲಿ ಹೊಡೆಯುತ್ತಿತ್ತು. ಹತ್ತು ವರ್ಷದ ಕಿವಿ ಅರ್ಧ ಕಂಪನದ ತಪ್ಪನ್ನು ಹಿಡಿದಿತ್ತು. ಚೀಟಿಯನ್ನು ಅರ್ಧ ಹರಿಯಲು ಬರುವುದಿಲ್ಲ. ಎರಡು ಚೀಟಿಗಳ ನಡುವಿನ ಬೆಲೆಯನ್ನು ಅಂದಾಜಿಸುವ ಒಂದು ಸಾಲನ್ನು ನನ್ನ ವಿದ್ಯಾರ್ಥಿ ಕಾರ್ಯಕ್ರಮದಲ್ಲಿ ಸೇರಿಸಿದ. ಮರುದಿನ ಜೋಡಿ ಕೂಡಿತು. ಅದರ ಜೊತೆಗೆ ಆ ಮಗುವಿನ ಮುಖವೂ ಅರಳಿತು.

ಈ ಘಟನೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಆ ಹುಡುಗಿಯ ಕಿವಿಯೇ ಪೆಟ್ಟಿಗೆಗೆ ಹೊಂದಿಕೊಳ್ಳಬೇಕಾಗುತ್ತಿತ್ತು. ತೆರೆದ ಪೆಟ್ಟಿಗೆಯಾದ್ದರಿಂದ ಪೆಟ್ಟಿಗೆ ಅವಳ ಕಿವಿಗೆ ಹೊಂದಿಕೊಂಡಿತು.

ಆದರೂ ದನಿಯಲ್ಲಿ ಜವಾರಿ ಇರಲಿಲ್ಲ. ಇಲ್ಲಿ ನಮಗೆ ದಾರಿ ತೋರಿದವರು ಸಿ.ವಿ. ರಾಮನ್. ಅವರು ಬೆಳಕಿನ ಕೆಲಸಕ್ಕೆ ನೊಬೆಲ್ ಪಡೆಯುವುದಕ್ಕೆ ಒಂಬತ್ತು ವರ್ಷ ಮೊದಲು, 1921ರಲ್ಲಿ, ಭಾರತೀಯ ತಂತಿವಾದ್ಯಗಳ ಮೇಲೆ ಒಂದು ಪ್ರಬಂಧ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟುವುದಿಲ್ಲ ಎಂಬುದು ಪಶ್ಚಿಮದ ನಿಯಮವಾಗಿತ್ತು. ತಂಬೂರಿ ಮತ್ತು ವೀಣೆ ಆ ನಿಯಮವನ್ನು ಮೀರುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಕುದುರೆಯ ಬಾಗಿದ ಮೈ. ತಂತಿ ಪ್ರತಿ ಕಂಪನದಲ್ಲಿಯೂ ಆ ಬಾಗಿಗೆ ತಾಗಿ ಬಿಡುತ್ತ, ತನ್ನ ಉದ್ದವನ್ನು ಎಳ್ಳುಕಾಳಿನಷ್ಟು ಬದಲಿಸಿಕೊಳ್ಳುತ್ತಿರುತ್ತದೆ. ನಾವೂ ಹಾಗೆಯೇ ಮಾಡಿದೆವು. ಸಂಖ್ಯೆ ದೊಡ್ಡದಿದ್ದಾಗ ಸುತ್ತನ್ನು ತುಸು ಗಿಡ್ಡ ಮಾಡುವಂತೆ ಬರೆದೆವು, ಎಷ್ಟು ಗಿಡ್ಡ ಎಂಬುದನ್ನು ಒಂದು ತಿರುಗುಗುಂಡಿಗೆ ಕಟ್ಟಿದೆವು. ಅದು ನಮ್ಮ ಹತ್ತಿಯ ಎಳೆ. ಗುಂಡಿ ತಿರುಗಿಸುತ್ತ ಹೋದಂತೆ ಒಂದು ಜಾಗದಲ್ಲಿ ದನಿ ಅರಳಿತು. 110ರ ಖರ್ಜದ ಐದನೆಯ ಉಪಸ್ವರ 550, ಅಂದರೆ 275ರ ಶುದ್ಧ ಗಾಂಧಾರದ ಮೇಲಿನ ಸಪ್ತಕದ ರೂಪ. ಯಾರೂ ನುಡಿಸದ ಆ ಸ್ವಯಂಭೂ ಗಾಂಧಾರ ಸಣ್ಣ ಸ್ಪೀಕರಿನಲ್ಲಿ ಕೇಳಿಬಂತು.

ಮೀರಜದ ತಂಬೂರಿಗೆ ಇದು ಸಮನೇ ಎಂದು ಕೇಳಿದರೆ ನನ್ನ ಉತ್ತರ ನೇರ: ಸಮನಲ್ಲ. ಕುಂಬಳದ ಬುರುಡೆ ಮತ್ತು ಕಟ್ಟಿಗೆಯ ಮೈ ಕೂಡಿ ಉಸಿರಾಡುವ ಆ ದನಿಗೆ, ಅದನ್ನು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಕೈಗಳಿಗೆ ನನ್ನ ನಮಸ್ಕಾರ ಇದೆ. ಕಚೇರಿಗೆ ತಂಬೂರಿಯೇ ಬೇಕು. ಇನ್ನು ಗುರುವಿನ ಜಾಗದಲ್ಲಿ ಯಾವ ಪೆಟ್ಟಿಗೆಯೂ ಕೂಡಲಾರದು. ಹುಡುಗಿಗೆ ಜೋಡಿ ಇಳಿದದ್ದು ಕೇಳಿಸಿತು ಎಂದರೆ ಅದು ಅಕ್ಕ ತಯಾರು ಮಾಡಿದ ಕಿವಿ. ಈ ಪೆಟ್ಟಿಗೆ ಮಾಡಬೇಕಾದ ಕೆಲಸ ಬೇರೆ. ಗುರುವಿನ ಮನೆಯಿಂದ ಮರಳಿದ ಮಗು ಬೆಳಗಿನ ಜಾವ ತನ್ನ ಪಡಸಾಲೆಯಲ್ಲಿ ಒಬ್ಬಳೇ ಕೂತಾಗ ಅವಳ ಪಕ್ಕದಲ್ಲಿ ಸರಿಯಾದ ಷಡ್ಜ ಇರಬೇಕು. ಕರೆಂಟು ಹೋದರೂ ಇರಬೇಕು. ಕೆಟ್ಟರೆ ಊರಿನಲ್ಲಿಯೇ ರಿಪೇರಿಯಾಗಬೇಕು.

ಊರು ಮಾಡಬಹುದಾದ ಕೆಲಸ

ಈ ವಾದ್ಯಕ್ಕೆ ಬೇಕಾದದ್ದೆಲ್ಲ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಲಘಟಗಿಯಲ್ಲಿ ಅರಗಿನ ಬಣ್ಣದ ತೊಟ್ಟಿಲು ಮಾಡುವ ಕೈಗಳಿವೆ. ನೂರು ವರ್ಷ ಬಾಳುವ ಕಟ್ಟಿಗೆಯ ಕೆಲಸ ಬಲ್ಲ ಅವರು ಈ ಯಂತ್ರಕ್ಕೆ ಪ್ಲಾಸ್ಟಿಕ್ ಬದಲು ಒಂದು ಗೂಡು ಮಾಡಿಕೊಟ್ಟರೆ ದನಿಗೂ ಮೈ ಬರುತ್ತದೆ, ಅವರ ಮನೆಗೂ ಒಂದು ಹೊಸ ಕೆಲಸ ಬರುತ್ತದೆ. ಧಾರವಾಡ ಹುಬ್ಬಳ್ಳಿಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಸಾವಿರಾರು ಮಕ್ಕಳಿದ್ದಾರೆ. ವರ್ಷದ ಕೊನೆಗೆ ಅವರು ಯಾವುದಾದರೊಂದು ಪ್ರಾಜೆಕ್ಟ್ ಮಾಡಲೇಬೇಕು. 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುವಾದಾಗ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು ಗೊತ್ತುಮಾಡಿದ್ದರು. ಆರನೆಯ ಇಯತ್ತೆಯಿಂದಲೇ ಮಕ್ಕಳು ಇಂಥ ಹಲಗೆಗಳನ್ನು ಕೈಯಲ್ಲಿ ಹಿಡಿಯಬಹುದು. ಅಲ್ಲಿ ದೀಪ ಮಿನುಗಿಸುವ ಪಾಠ ಆದ ಮೇಲೆ ಎರಡನೆಯ ಪಾಠ ತಂಬೂರಿಯದ್ದಾಗಲಿ. ಸರಾಸರಿ, ಅನುಪಾತ, ಕಂಪನ, ತರಂಗ, ಈ ನಾಲ್ಕೂ ಆ ಒಂದು ಪೆಟ್ಟಿಗೆಯಲ್ಲಿ ಸಿಗುತ್ತವೆ. ಗಣಿತ ಒಲ್ಲೆನೆಂದು ಅಳುವ ಮಗು ಷಡ್ಜಕ್ಕಾಗಿ ಭಾಗಾಕಾರ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಜನಪದಕ್ಕೂ ಇದರಲ್ಲಿ ಜಾಗ ಇದೆ. ಅಂಗಡಿಯ ಪೆಟ್ಟಿಗೆಗಳಲ್ಲಿ ತೀನತಾಲ, ದಾದರಾ ಸಿಗುತ್ತವೆ. ಕರಡಿ ಮಜಲಿನ ನಡೆ ಸಿಗುವುದಿಲ್ಲ, ಹಂತಿ ಪದದ ಹೆಜ್ಜೆ ಸಿಗುವುದಿಲ್ಲ, ಗೀಗೀ ಮೇಳದ ದಪ್ಪಿನ ಪೆಟ್ಟು ಸಿಗುವುದಿಲ್ಲ. ಅವುಗಳನ್ನು ಯಾವ ಕಂಪನಿಯಾದರೂ ಯಾಕೆ ಹಾಕಬೇಕು? ಕೊಳ್ಳುವವರ ಸಂಖ್ಯೆ ನೋಡಿ ಅವರು ಮಾಡುತ್ತಾರೆ. ತೆರೆದ ಪೆಟ್ಟಿಗೆಯಲ್ಲಿ ಅವುಗಳನ್ನು ನಾವೇ ಹಾಕಬಹುದು. ಮೇಳದ ಹಿರಿಯರನ್ನು ಕೂರಿಸಿ, ಅವರ ಕೈಯ ಪೆಟ್ಟನ್ನು ಧ್ವನಿಮುದ್ರಿಸಿ, ಅವರ ಹೆಸರು ಮತ್ತು ಊರಿನೊಂದಿಗೆ ಸೇರಿಸಬಹುದು. ಅಂಕಿತ ಬಿಡಬಾರದು ಎಂಬ ಶರೀಫರ ಕಟ್ಟೆಯ ನಿಯಮ ಇಲ್ಲಿಯೂ ನಡೆಯಲಿ.

ಕೊನೆಯದಾಗಿ ಮೂವರ ಮುಂದೆ ಮೂರು ಬಿನ್ನಹ ಇಡುತ್ತೇನೆ. ಎಲೆಕ್ಟ್ರಾನಿಕ್ಸ್ ಕಲಿಸುವ ಗೆಳೆಯರೇ, ಈ ವರ್ಷ ನಿಮ್ಮ ಕೈಯಲ್ಲಿ ಓದುತ್ತಿರುವ ಒಂದೇ ಒಂದು ತಂಡಕ್ಕೆ ತಂಬೂರಿಯ ಪ್ರಾಜೆಕ್ಟ್ ಕೊಡಿ. ಅದರ ನಕ್ಷೆಯನ್ನೂ ಬರಹವನ್ನೂ ಕನ್ನಡದಲ್ಲಿ ಬರೆಸಿ ಎಲ್ಲರಿಗೂ ಸಿಗುವಂತೆ ಇಡಿ. ಸಂಗೀತ ಕಲಿಸುವ ಅಕ್ಕಂದಿರೇ, ಅಣ್ಣಂದಿರೇ, ಹುಡುಗರು ಅಂಥ ಪೆಟ್ಟಿಗೆ ತಂದಾಗ ಯಂತ್ರವೆಂದು ದೂರ ಸರಿಸಬೇಡಿ, ಕೇಳಿ ತಪ್ಪು ಹೇಳಿ. ನಿಮ್ಮ ಕಿವಿ ಇಲ್ಲದೆ ಅದು ಸರಿಯಾಗುವುದಿಲ್ಲ. ದತ್ತಿಯ ಬಂಧುಗಳೇ, ಈ ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೆ ಒಂದು ಪೆಟ್ಟಿಗೆಯ ಸಾಮಾನು ಬರುತ್ತದೆ. ಒಂದು ವರ್ಷ ಕುಂದಗೋಳದ ಮಗುವಿಗೆ, ಮುಂದಿನ ವರ್ಷ ಅಣ್ಣಿಗೇರಿಯ ಮಗುವಿಗೆ ಕೊಡಿ. ಕೊಡುವಾಗ ಪೆಟ್ಟಿಗೆಯ ಜೊತೆ ಒಂದು ಸ್ಕ್ರೂ ಡ್ರೈವರನ್ನೂ ಕೊಡಿ.

ನೀವು ಯಾರ ಹೆಸರಿನಲ್ಲಿ ದತ್ತಿ ಇಟ್ಟಿದ್ದೀರೋ ಆ ಹಿರಿಯರು ತಮ್ಮ ತುಂತುಣಿಯನ್ನು ಮಕ್ಕಳ ಕೈಗೆ ಕೊಡುವಾಗ ಮುಟ್ಟಬೇಡ ಎಂದು ಯಾವತ್ತೂ ಹೇಳಲಿಲ್ಲ. ನಾವೂ ಹೇಳದಿರೋಣ.